ಜಿನೋವಾಕ್ಕೆ ಬಾಡಿಗೆ ಮೋಟರ್‌ಹೋಮ್‌ನಲ್ಲಿ ಹೋಗುವವರೇ, ‘ಆತ್ತಿವೊ’ ಎಂದರೆ ‘ಬನ್ನಿ’ ಎಂದಲ್ಲ

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಜುಲೈನಲ್ಲಿ ಇಟಲಿಯ ಮಿಲಾನ್ ಹತ್ತಿರ ಬಾಡಿಗೆಗೆ ಪಡೆದ ಮೋಟರ್‌ಹೋಮ್ (ಮಲಗಲು, ಅಡುಗೆಗೆ ಜಾಗವಿರುವ ಗಾಡಿ, ಕ್ಯಾಂಪರ್ ಅಂತಲೂ ಅನ್ನುತ್ತಾರೆ), ಜಿನೋವಾದಲ್ಲಿ ಎರಡು ದಿನ. ವಾಪಸ್ ಕೊಟ್ಟಾಗ 1,500 ಯೂರೋ ಡೆಪಾಸಿಟ್ ಪೂರ್ತಿ ಬಂತು, ವ್ಯವಹಾರ ಮುಗಿಯಿತು ಎಂದುಕೊಂಡೆವು. ಡಿಸೆಂಬರ್‌ನಲ್ಲಿ ಕಾರ್ಡಿನಿಂದ 48.80 ಯೂರೋ ಹೋಯಿತು. ಮರುವಾರ ಮತ್ತೆ 48.80. ಆಮೇಲೆ ಇನ್ನೊಂದು 48.80. ಒಂದು ಫೋನಿಲ್ಲ, ಒಂದು ಇಮೇಲಿಲ್ಲ. ಇದು ದಂಡ ಅಲ್ಲ, ಸರಿಯಾಗಿ ಓದಿ. ದಂಡ ಹಾಕುವವರಿಗೆ ನಮ್ಮ ಹೆಸರು, ವಿಳಾಸ ಬರೆದು ಕಳಿಸಿದ್ದಕ್ಕೆ ಕಂಪನಿಯವರು ಹಿಡಿದುಕೊಂಡ ಶುಲ್ಕ: 40 ಯೂರೋ, ಅದರ ಮೇಲೆ 22% ತೆರಿಗೆ. ದಂಡ ಬೇರೆ ಬರುವುದಿತ್ತು. ಬಂತು.

ಎ7 ಹೆದ್ದಾರಿ ಜಿನೋವಾ ಓವೆಸ್ಟ್ ಟೋಲ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಇಳಿದರೆ ನೇರ ಬಂದರು. ಒಂದು ಕಡೆ ಹಡಗುಗಳು, ಇನ್ನೊಂದು ಕಡೆ ಹಳೇ ಊರು. ಅಲ್ಲಿನ ‘ಕರೂಜಿ’ ಗಲ್ಲಿಗಳು ಕೈಗಾಡಿಗೆ ಕಟ್ಟಿದವು, ಕನ್ನಡಿ ಸೇರಿ ಎರಡೂವರೆ ಮೀಟರ್ ದಾಟುವ ಗಾಡಿಗಲ್ಲ. ಈ ಹಳೇ ಊರು ಜೆಡ್‌ಟಿಎಲ್, ಅಂದರೆ ಸೀಮಿತ ಸಂಚಾರ ವಲಯ; ಒಳಗೆ ಹೋಗುವ ಪರವಾನಗಿ ಇದ್ದ ಗಾಡಿಗಳಿಗೆ ಮಾತ್ರ. ಗೇಟಿಲ್ಲ, ಪೊಲೀಸಿಲ್ಲ. ಕೆಂಪು ಅಂಚಿನ ಬಿಳಿ ದುಂಡು ಫಲಕ, ಅದರ ಕೆಳಗೆ ಹೊಳೆಯುವ ಅಕ್ಷರ, ಮೇಲೊಂದು ಸಣ್ಣ ಕ್ಯಾಮೆರಾ ಪೆಟ್ಟಿಗೆ. ಅಷ್ಟೇ.

ಆ ಅಕ್ಷರದಲ್ಲೇ ನಾವು ಬಿದ್ದದ್ದು. ‘ವಾರ್ಕೊ ಆತ್ತಿವೊ’ ಎಂದಿತ್ತು. ವಾರ್ಕೊ ಅಂದರೆ ಪ್ರವೇಶದ ದಾರಿ, ಆತ್ತಿವೊ ಅಂದರೆ ಚಾಲೂ. ದಾರಿ ಚಾಲೂ ಇದೆ, ಹೋಗಬಹುದು ಎಂದೇ ಯಾರಿಗಾದರೂ ಅನಿಸುತ್ತದೆ. ತಪ್ಪು, ಪೂರ್ತಿ ಉಲ್ಟಾ! ಚಾಲೂ ಇರುವುದು ಕ್ಯಾಮೆರಾ, ನಿರ್ಬಂಧ. ‘ನೊನ್ ಆತ್ತಿವೊ’ ಎಂದಿದ್ದರೆ ಮಾತ್ರ ಒಳಗೆ ಹೋಗಬಹುದು. ಮೊದಲ ದಿನ ಏನೂ ಆಗಲಿಲ್ಲವೆಂದು ಎರಡನೇ ದಿನವೂ ಅದೇ ದಾರಿ ಹಿಡಿದೆವು. ದಿನಕ್ಕೊಂದರಂತೆ ಎರಡು ದಂಡ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಇನ್ನು ಗಾಡಿ ಕೊಡುವಾಗ ಬಾಡಿಗೆ ಕಂಪನಿಯವರು ಆಡಿದ ಮಾತು. “ಇದರಲ್ಲಿರೋದು ಕ್ಯಾಂಪರ್ ನ್ಯಾವಿಗೇಷನ್ ಸರ್, ನಿಮ್ಮ ಗಾಡಿ ಹೋಗಬಾರದ ಕಡೆ ಕರ್ಕೊಂಡು ಹೋಗಲ್ಲ.” ಇದನ್ನೇ ನಂಬಿದೆವು. ಆಮೇಲೆ ನೋಡಿದರೆ ಸೆಟ್ಟಿಂಗ್‌ನಲ್ಲಿ ವಾಹನದ ಜಾಗದಲ್ಲಿ ‘ಕಾರು’ ಎಂದಿತ್ತು, ಎತ್ತರ ತುಂಬಿಸಿಯೇ ಇರಲಿಲ್ಲ. ಏಳು ಮೀಟರ್ ಉದ್ದ, ಮೂರು ಮೀಟರ್‌ಗೂ ಹೆಚ್ಚು ಎತ್ತರದ ಗಾಡಿಗೆ ಕಾರಿನ ದಾರಿ! ಫೋಟೊ ಸಮೇತ ಬರೆದೆ. ಬಂದ ಉತ್ತರ: “ನ್ಯಾವಿಗೇಷನ್ ಒಂದು ಸೌಲಭ್ಯ ಮಾತ್ರ. ಫಲಕ ಓದುವುದು ಚಾಲಕರ ಜವಾಬ್ದಾರಿ.” ಹಾಗಾದರೆ ಕೌಂಟರ್‌ನಲ್ಲಿ ಹೇಳಿದ್ದೇನು ಎಂದು ಕೇಳಿದೆ. “ಬಾಯಿಮಾತಿಗೆ ನಾವು ಬದ್ಧರಲ್ಲ. ಒಪ್ಪಂದದ 7ನೇ ಪುಟ ನೋಡಿ.” ನೋಡಿದೆ. ಸಹಿ ನನ್ನದೇ.

ಮೂರನೇ 48.80 ಯಾವುದಕ್ಕೆ? ಕಟ್ಟದೆ ಉಳಿದ ಟೋಲ್‌ಗೆ. ಹಳದಿ ಗುರುತಿನ ಟೆಲೆಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಸಾಲು ಅದರ ಸಾಧನ ಅಳವಡಿಸಿದ ಗಾಡಿಗಳಿಗೆ ಮಾತ್ರ. ನೀಲಿ ಸಾಲು ಕಾರ್ಡಿಗೆ, ಬಿಳಿ ಸಾಲು ನಗದಿಗೆ. ಟೋಲ್‌ನ ಯಂತ್ರ ಕಾರ್ಡು ತೆಗೆದುಕೊಳ್ಳದಿದ್ದರೆ ಒಂದು ಚೀಟಿ ಕೊಟ್ಟು ಕಳಿಸುತ್ತದೆ, ಅದನ್ನು 15 ದಿನದೊಳಗೆ ಕಟ್ಟಿದರೆ ಹೆಚ್ಚಿನ ಖರ್ಚಿಲ್ಲ. ಆ ಚೀಟಿ ರಸೀದಿಯಂತೆಯೇ ಕಾಣುತ್ತದೆ, ಡ್ಯಾಶ್‌ಬೋರ್ಡಿಗೆ ಎಸೆಯಬೇಡಿ.

ಜೆಡ್‌ಟಿಎಲ್ ದಂಡ 83 ಯೂರೋ, ಅದರ ಮೇಲೆ ಅಂಚೆ ಖರ್ಚು. ನೋಟಿಸ್ ಕೈಗೆ ಬಂದ 5 ದಿನದೊಳಗೆ ಕಟ್ಟಿದರೆ 30% ಕಡಿಮೆ, ಅಂದರೆ 58.10. 60 ದಿನ ದಾಟಿದರೆ ಮೊತ್ತ ದುಪ್ಪಟ್ಟಾಗುತ್ತದೆ. ವಿದೇಶದ ವಿಳಾಸಕ್ಕೆ ನೋಟಿಸ್ ಕಳಿಸಲು ಅವರಿಗೆ 360 ದಿನ ಸಮಯವಿದೆ, ಹಾಗಾಗಿ ಆರು ತಿಂಗಳಾಯಿತು, ಬಚಾವಾದೆವು ಎಂದುಕೊಳ್ಳಬೇಡಿ. ಕಂಪನಿಗೆ ಶುಲ್ಕ ಹೋಯಿತಲ್ಲ, ದಂಡವೂ ತೀರಿತು ಎಂದಂತೂ ಅಂದುಕೊಳ್ಳಲೇಬೇಡಿ. ಅಲ್ಲೇ ಜನ ಮೋಸ ಹೋಗುವುದು.

ಗಾಡಿ ತೆಗೆದುಕೊಳ್ಳುವ ಮುಂಚೆ ಒಂದು ದಂಡಕ್ಕೆ ‘ಹೆಸರು ಕೊಡುವ ಶುಲ್ಕ’ ಎಷ್ಟೆಂದು ಕೇಳಿ, ಬರೆಸಿಕೊಳ್ಳಿ. ಚಾವಣಿಯ ಹಾನಿಗೆ ವಿಮೆ ಇದೆಯಾ ಕೇಳಿ, ಬಹಳ ಒಪ್ಪಂದಗಳಲ್ಲಿ ಇರುವುದಿಲ್ಲ. ಎತ್ತರವನ್ನು ಕಾಗದದಲ್ಲಿ ಓದಿದರೆ ಸಾಲದು. ಚಾವಣಿ ಮೇಲೆ ಎಸಿ, ಡಿಶ್ ಇದ್ದರೆ ಅದರ ತುದಿವರೆಗೆ ಟೇಪ್ ಹಿಡಿದು ಅಳೆಸಿ, ನ್ಯಾವಿಗೇಷನ್‌ಗೆ ಅವರ ಎದುರೇ ತುಂಬಿಸಿ, ಪರದೆಯ ಫೋಟೊ ತೆಗೆಯಿರಿ. ಅವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಗಾಡಿಯನ್ನು ಊರೊಳಗೆ ಒಯ್ಯಲೇಬೇಡಿ. ಪಶ್ಚಿಮಕ್ಕೆ ಪೆಗ್ಲಿ ಕಡೆ ಕ್ಯಾಂಪಿಂಗ್‌ನಲ್ಲಿ ನಿಲ್ಲಿಸಿ, ಪ್ರಾದೇಶಿಕ ರೈಲು ಹತ್ತಿ ಪಿಯಾತ್ಸಾ ಪ್ರಿಂಚಿಪೆ ನಿಲ್ದಾಣದಲ್ಲಿ ಇಳಿಯಿರಿ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಅದಕ್ಕೂ ದಂಡ. ಅಲ್ಲಿಂದ ಹಳೇ ಬಂದರು, 1992ರ ಎಕ್ಸ್‌ಪೊಗೆ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸದಾಗಿ ರೂಪಿಸಿದ ಕಟ್ಟೆ, ಎಲ್ಲ ನಡೆದೇ ನೋಡಬಹುದು. ಊರು ಚೆಂದವೇ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರುವುದು ಆ ಕೌಂಟರ್ ಮೇಲೆ. ಮೂರೂ ಶುಲ್ಕಕ್ಕೆ ರಸೀದಿ ಕೇಳಿ ನಾಲ್ಕು ಸಲ ಬರೆದಿದ್ದೇನೆ. ಎರಡಕ್ಕೆ ಬಂದಿದೆ. ಟೋಲ್‌ನದಕ್ಕೆ “ಪರಿಶೀಲಿಸುತ್ತಿದ್ದೇವೆ” ಎಂಬ ಅದೇ ಒಂದು ಸಾಲು, ನಾಲ್ಕು ಸಲವೂ.