ಒತ್ತಡಕ್ಕೆ ಐದು ಅಭ್ಯಾಸ: ಪುಣೆಯ ಹಾಸ್ಟೆಲ್‌ನಲ್ಲಿ ಬಹಳ ದಿನ ಬಳಸಿದ ಮೇಲೆ

ಬಳಸಿದ್ದು: ವಿಶ್ವ ಆರೋಗ್ಯ ಸಂಸ್ಥೆಯ ‘ಡೂಯಿಂಗ್ ವಾಟ್ ಮ್ಯಾಟರ್ಸ್ ಇನ್ ಟೈಮ್ಸ್ ಆಫ್ ಸ್ಟ್ರೆಸ್’ ಎಂಬ ಚಿತ್ರಗಳಿರುವ ಕೈಪಿಡಿ, ಅದರ ಜೊತೆಗಿನ ಆಡಿಯೊಗಳು. 2020ರಲ್ಲಿ ಬಂದದ್ದು.
ಬೆಲೆ: ಪೂರ್ತಿ ಉಚಿತ.
ಬಳಸಿದವನು: ವಿಜಯಪುರದ ಕಡೆಯವನು, ಪುಣೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ.

ಎರಡನೇ ವರ್ಷದ ಇನ್‌ಸೆಮ್ (ಸೆಮಿಸ್ಟರ್ ನಡುವಿನ ಪರೀಕ್ಷೆ) ಹತ್ತಿರ ಬಂದಾಗ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದರು, ಆದರೆ ಅಷ್ಟೂ ಹುಡುಗರಿಗೆ ಒಬ್ಬರೇ. ನನಗೆ ಸಿಕ್ಕ ತಾರೀಖು ಪರೀಕ್ಷೆ ಮುಗಿದ ಮೇಲಿನದು. ಆಗ ಧಾರವಾಡದ ಸೀನಿಯರ್ ಅಕ್ಕ ಒಬ್ಬರು ವಾಟ್ಸಾಪ್‌ನಲ್ಲಿ ಈ ಪಿಡಿಎಫ್ ಕಳಿಸಿದರು. “ಪೂರ್ತಿ ಓದ್ಲಿಕ್ಕೆ ಹೋಗಬ್ಯಾಡ. ಮೊದಲನೇ ಭಾಗ ಮಾಡು, ಸಾಕು. ಉಳಿದದ್ದು ಆಮೇಲೆ ನೋಡು” ಅಂದರು. ಹೊಸಬರಿಗೆ ನಾನು ಹೇಳುವುದೂ ಅದನ್ನೇ.

ಒಟ್ಟು ಐದು ಭಾಗ ಇದೆ. ಮೊದಲನೆಯದು ಮನಸ್ಸನ್ನು ನೆಲಕ್ಕೆ ತರುವ ಅಭ್ಯಾಸ. ನಾನು ಅತಿ ಹೆಚ್ಚು ಬಳಸಿರುವುದು ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಓದಲು ಕೂರುವುದು ಪುಣೆಯ ಸದಾಶಿವ ಪೇಠೆಯ ಒಂದು ಅಭ್ಯಾಸಿಕೆಯಲ್ಲಿ, ಅಂದರೆ ಹಣ ಕೊಟ್ಟು ಕೂತು ಓದುವ ಕೋಣೆಯಲ್ಲಿ. ಸುತ್ತ ಎಂಪಿಎಸ್‌ಸಿಗೆ (ಮಹಾರಾಷ್ಟ್ರ ಸರ್ಕಾರಿ ನೌಕರಿಯ ಪರೀಕ್ಷೆ) ಓದುವವರು, ಯಾರೂ ತಲೆ ಎತ್ತುವುದಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾದರೆ ಮೊದಲು ‘ಈಗ ಹೆದರಿಕೆ ಬಂದಿದೆ’ ಎಂದು ಗಮನಿಸುತ್ತೇನೆ. ಚಪ್ಪಲಿ ಬಿಟ್ಟು ಎರಡೂ ಪಾದಗಳನ್ನು ತಣ್ಣಗಿನ ಟೈಲ್ಸ್‌ಗೆ ಮೆಲ್ಲಗೆ ಒತ್ತುತ್ತೇನೆ. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ನಿಧಾನ ಒಳಗೆ ಎಳೆದುಕೊಳ್ಳುತ್ತೇನೆ. ಆಮೇಲೆ ಏನು ಕಾಣಿಸುತ್ತಿದೆ, ಏನು ಕೇಳಿಸುತ್ತಿದೆ ಎಂದು ನೋಡುವುದು: ಫ್ಯಾನಿನ ಕಟಕಟ, ಪಕ್ಕದವನ ಪೆನ್ನಿನ ಸದ್ದು, ಕೆಳಗಿನ ಅಂಗಡಿಯಿಂದ ಬರುವ ವಡೆ ಕರಿಯುವ ವಾಸನೆ. ಎರಡು ಮೂರು ನಿಮಿಷದ ಕೆಲಸ ಅಷ್ಟೇ. ಹೆದರಿಕೆ ಹೋಗುವುದಿಲ್ಲ. ಆದರೆ ಅದು ಇದ್ದಾಗಲೂ ಮುಂದಿನ ಲೆಕ್ಕ ಬಿಡಿಸಲು ಆಗುತ್ತದೆ. ನನಗೆ ಬೇಕಿದ್ದದ್ದು ಅದೇ.

ಎರಡನೇ ಭಾಗ ನಮ್ಮನ್ನು ಹಿಡಿದು ಎಳೆಯುವ ಯೋಚನೆಗಳಿಂದ ಬಿಡಿಸಿಕೊಳ್ಳುವುದು. ‘ನಿನ್ನಿಂದ ಆಗಲ್ಲ’ ಎಂಬ ಯೋಚನೆ ಬಂದರೆ ಅದರ ಜೊತೆ ವಾದಕ್ಕೆ ಇಳಿಯಬಾರದು. ‘ಇದೊಂದು ನೋವಿನ ಯೋಚನೆ’ ಎಂದು ಹೆಸರಿಟ್ಟು, ಮಾಡುತ್ತಿರುವ ಕೆಲಸಕ್ಕೆ ಗಮನ ತರಬೇಕು. ಪ್ಲೇಸ್‌ಮೆಂಟ್ ಕಾಲದಲ್ಲಿ ಸೆಲೆಕ್ಟ್ ಆದವರ ಪಟ್ಟಿ ಗ್ರೂಪಿಗೆ ಬಂದಾಗಲೆಲ್ಲ ನನ್ನ ಕೈಹಿಡಿದದ್ದು ಇದು. ಮೂರನೇ ಭಾಗದಲ್ಲಿ, ನೀವು ಎಂಥ ಮನುಷ್ಯ ಆಗಿರಬೇಕು ಅಂತ ಬಯಸುತ್ತೀರಿ ಎಂದು ಕೇಳಿ, ಈ ವಾರ ಅದಕ್ಕೆ ತಕ್ಕ ಒಂದು ಸಣ್ಣ ಕೆಲಸ ಆರಿಸಿಕೊಳ್ಳಲು ಹೇಳುತ್ತಾರೆ. ಊರಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ತಂಗಿಗೆ ಭಾನುವಾರ ಫೋನ್ ಮಾಡಿ ಗಣಿತ ಹೇಳಿಕೊಡುವುದು ಎಂದು ಬರೆದೆ. ಆ ಫೋನ್ ಇಂದಿಗೂ ನಿಂತಿಲ್ಲ. ನಾಲ್ಕನೆಯದು ತನ್ನ ಮೇಲೆ ತಾನು ಕರುಣೆ ಇಡುವುದು, ಚೆನ್ನಾಗಿದೆ. ಐದನೆಯದು ನೋವಿಗೆ ಒಳಗೆ ಜಾಗ ಮಾಡಿಕೊಡುವುದು. ಅದು ನನಗೆ ಅಷ್ಟಾಗಿ ಒಗ್ಗಲಿಲ್ಲ, ನನ್ನ ರೂಮ್‌ಮೇಟ್‌ಗೆ ಅದೇ ಜಾಸ್ತಿ ಹಿಡಿಸಿತು.

ಇದರ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ ಇದೆ. ಇಂಥ ಚಿಕ್ಕ ಸಹಾಯ ಬೇಗ ಕೆಲಸ ಮಾಡುತ್ತದೆ, ಬೇಗ ಸವೆಯುತ್ತದೆ ಕೂಡ. ಇದೇ ಅಭ್ಯಾಸಗಳನ್ನು ಉಗಾಂಡಾದಲ್ಲಿ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರ ಅಧ್ಯಯನದಲ್ಲಿ, ಆಡಿಯೊ ಹಾಕಿ ಗುಂಪಿನಲ್ಲಿ ಮಾಡಿಸಿ ಪರೀಕ್ಷಿಸಿದ್ದರು. ಫಲಿತಾಂಶ 2020ರಲ್ಲಿ ಬಂತು. ಕೋರ್ಸ್ ಮುಗಿದ ತಕ್ಷಣ ಒಳ್ಳೆಯ ಫಲ ಕಂಡಿತ್ತು, ಮೂರು ತಿಂಗಳಾದ ಮೇಲೂ ಉಳಿದಿತ್ತು, ಆದರೆ ಕಡಿಮೆಯಾಗಿತ್ತು. ಅಮೆರಿಕದಲ್ಲಿ 13ರಿಂದ 16 ವರ್ಷದ 2,452 ಮಕ್ಕಳಿಗೆ ಸುಮಾರು ಅರ್ಧ ಗಂಟೆಯ, ಸ್ವಸಹಾಯದ ಬೇರೊಂದು ಆನ್‌ಲೈನ್ ಪಾಠವನ್ನು ಒಂದೇ ಒಂದು ಸಲ ಕೊಟ್ಟು ನೋಡಿದ ಅಧ್ಯಯನವೂ 2022ರಲ್ಲಿ ಬಂತು. ಅಲ್ಲೂ ಮೂರು ತಿಂಗಳ ಮೇಲೆ ಖಿನ್ನತೆಯ ಲಕ್ಷಣ ಕಡಿಮೆಯಾಗಿದ್ದವು, ಆದರೆ ಸ್ವಲ್ಪವೇ. ಅರ್ಧ ಗಂಟೆಗೆ ಅಷ್ಟು ಸಿಗುವುದೂ ದೊಡ್ಡದು ಅಲ್ವಾ? ಆದರೆ ಒಮ್ಮೆ ಮಾಡಿ ಬಿಟ್ಟರೆ ಆಯಿತು ಎಂದು ತಿಳಿಯಬೇಡಿ.

ಒಬ್ಬರೇ ಮಾಡಿದರೆ ಬಿಟ್ಟುಹೋಗುವುದೇ ಜಾಸ್ತಿ. ಆನ್‌ಲೈನ್ ಸ್ವಸಹಾಯದಲ್ಲಿ ಯಾರಾದರೂ ಆಗಾಗ ‘ಹೇಗೆ ನಡೀತಿದೆ’ ಎಂದು ಕೇಳುವವರಿದ್ದರೆ ಫಲ ಹೆಚ್ಚು ಎಂದು ಅಧ್ಯಯನಗಳೂ ಹೇಳುತ್ತವೆ. ನಾವು ಇಬ್ಬರು ರೂಮ್‌ಮೇಟ್‌ಗಳು ಮೆಸ್ ಊಟ ಮುಗಿಸಿ ಬಂದು, ಲೈಟ್ ಆರಿಸಿ, ಒಂದೇ ಫೋನಿನಲ್ಲಿ ಆಡಿಯೊ ಹಾಕಿಕೊಂಡು ಮಾಡುತ್ತಿದ್ದೆವು. ಅಷ್ಟರಿಂದಲೇ ಇದು ಇಷ್ಟು ದಿನ ಉಳಿಯಿತು.

ಇಷ್ಟವಾದ ಇನ್ನೊಂದು ವಿಷಯ: ಹೆಸರು, ನಂಬರ್ ಏನನ್ನೂ ಕೇಳುವುದಿಲ್ಲ. ಮಧ್ಯೆ ಒಂದು ಹಣ ಕೊಡುವ ಆ್ಯಪ್ ಹಾಕಿ ನೋಡಿದ್ದೆ. ಶುರುವಿಗೇ ಕಾರ್ಡ್ ವಿವರ ಬೇಕು ಅಂತು, ದಿನವಿಡೀ ನೋಟಿಫಿಕೇಶನ್. ತೆಗೆದುಹಾಕಿದೆ. ಕೊರತೆ ಅಂದರೆ, ಕೈಪಿಡಿ ಯುದ್ಧ ಕಂಡವರನ್ನೂ ಮನೆ ಕಳೆದುಕೊಂಡವರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ), ವೈವಾ (ಮೌಖಿಕ ಪರೀಕ್ಷೆ), ಶಿಕ್ಷಣ ಸಾಲದ ಕಂತು ಇವೆಲ್ಲವನ್ನು ನಾವೇ ಅದರೊಳಗೆ ಹೊಂದಿಸಿಕೊಳ್ಳಬೇಕು.

ಇದು ಎಲ್ಲಿ ಸಾಲುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮೂರನೇ ವರ್ಷದಲ್ಲಿ ರೂಮ್‌ಮೇಟ್ ಊಟ ಬಿಟ್ಟ, ವಾರಗಟ್ಟಲೆ ಕ್ಲಾಸಿಗೆ ಹೋಗಲಿಲ್ಲ. ಆಗ ನಾವು ಆಡಿಯೊ ಹಾಕುತ್ತ ಕೂರಲಿಲ್ಲ, 14416ಕ್ಕೆ ಫೋನ್ ಮಾಡಿದೆವು. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಅವನು ಬಹಳ ಹೊತ್ತು ಮಾತಾಡಿದ. ಅವರು ಹೇಳಿದ ಮೇಲೆ ಮನೋವೈದ್ಯರ ಹತ್ತಿರ ಹೋದೆವು. ಈಗ ಔಷಧಿಯೂ ಇದೆ, ಅಭ್ಯಾಸವೂ ಇದೆ, ಅವನು ಕ್ಲಾಸಿಗೂ ಬರುತ್ತಾನೆ. ನಿಮಗಾಗಲಿ, ನಿಮ್ಮ ರೂಮಿನವರಿಗಾಗಲಿ ಬದುಕು ಬೇಡ ಅನ್ನಿಸುತ್ತಿದ್ದರೆ ಯಾವ ಕೈಪಿಡಿಯನ್ನೂ ತೆರೆಯಬೇಡಿ, ಮೊದಲು ಆ ನಂಬರಿಗೆ ಫೋನ್ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಉಳಿದವರು, ಪರೀಕ್ಷೆಯ ಹಿಂದಿನ ದಿನದ ತನಕ ಕಾಯದೆ, ಸೆಮಿಸ್ಟರ್ ಶುರುವಿನಲ್ಲೇ ಹಿಡಿಯಿರಿ. ಪಿಡಿಎಫ್, ಆಡಿಯೊ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಇವೆ. ನಾನು ಬಳಸಿದ್ದು ಇಂಗ್ಲಿಷಿನದು, ಮಾತು ಸರಳವಾಗಿದೆ. ಆಡಿಯೊಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಿಂದ ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆಟ್‌ವರ್ಕ್ ಸಿಗುವುದಿಲ್ಲ.