ನೆಟ್‌ಬಾಕ್ಸ್ ಮತ್ತು ಆನ್ಸಿಬಲ್: ಎರಡನೇ ಆವೃತ್ತಿಯಿಂದ ನಾಲ್ಕನೆಯದರವರೆಗೆ ಬಳಸಿದ ಮೇಲೆ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನೆಟ್‌ಬಾಕ್ಸ್ ನಿಮ್ಮ ಒಂದೇ ಒಂದು ಸ್ವಿಚ್ಚನ್ನೂ (ಸರ್ವರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸಾಧನ) ಮುಟ್ಟುವುದಿಲ್ಲ. ಡೇಟಾ ಸೆಂಟರ್ ನೆಟ್‌ವರ್ಕ್ ಆಟೊಮೇಷನ್ ಅಂತ ಹುಡುಕಿದಾಗಲೆಲ್ಲ ಈ ಹೆಸರು ಬರುತ್ತದೆ. ಜನ ಇನ್‌ಸ್ಟಾಲ್ ಮಾಡುತ್ತಾರೆ, ಸ್ವಲ್ಪ ದಿನ ಆಡಿಸಿ ನೋಡುತ್ತಾರೆ, ಆಮೇಲೆ 'ಇದರಲ್ಲಿ ಆಟೊಮೇಷನ್ ಎಲ್ಲಿದೆ?' ಅಂತ ಕೇಳುತ್ತಾರೆ. ಇದು ಲೆಕ್ಕದ ಪುಸ್ತಕ ಅಷ್ಟೆ. ಯಾವ ರ‍್ಯಾಕ್‌ನಲ್ಲಿ ಯಾವ ಸ್ವಿಚ್ ಇದೆ, ಯಾವ ಪೋರ್ಟಿನ ಕೇಬಲ್ ಎಲ್ಲಿಗೆ ಹೋಗಿದೆ, ಯಾವ ಐಪಿ ಯಾರದು, ಯಾವ ವಿಲ್ಯಾನ್ (ಒಂದೇ ನೆಟ್‌ವರ್ಕ್ ಒಳಗೆ ಬೇರ್ಪಡಿಸಿದ ಉಪ-ನೆಟ್‌ವರ್ಕ್) ಎಲ್ಲೆಲ್ಲಿ ಇರಬೇಕು ಎಂಬುದನ್ನು ಬರೆದಿಡುತ್ತದೆ. ಸ್ವಿಚ್ಚಿಗೆ ಹೋಗಿ ಕೆಲಸ ಮಾಡುವುದು ಬೇರೆಯವರು. ನಮ್ಮಲ್ಲಿ ಆ ಕೆಲಸ ಆನ್ಸಿಬಲ್ ಎಂಬ ಉಪಕರಣದ್ದು. ಹಾಗಾಗಿ ಈ ವಿಮರ್ಶೆ ಎರಡನ್ನೂ ಸೇರಿಸಿಯೇ ಬರೆಯಬೇಕಾಗಿದೆ.

ಹಿನ್ನೆಲೆ ಚಿಕ್ಕದಾಗಿ. ನೆಟ್‌ಬಾಕ್ಸ್ ಹುಟ್ಟಿದ್ದು ಡಿಜಿಟಲ್‌ಓಷನ್ ಕಂಪನಿಯೊಳಗೆ. ಜೆರೆಮಿ ಸ್ಟ್ರೆಚ್ ಅದನ್ನು ಬರೆದವರು. 2016ರಲ್ಲಿ ಓಪನ್ ಸೋರ್ಸ್ ಆಯಿತು. ಒಳಗಿರುವುದು ಪೈಥಾನ್ ಭಾಷೆ, ಅದರ ಜಾಂಗೊ ಚೌಕಟ್ಟು, ಪೋಸ್ಟ್‌ಗ್ರೆಸ್ ಮತ್ತು ರೆಡಿಸ್ ಡೇಟಾಬೇಸ್‌ಗಳು. ಇವು ಗೊತ್ತಿರುವ ಯಾರಾದರೂ ನಿಮ್ಮ ತಂಡದಲ್ಲಿದ್ದರೆ ನಡೆಸುವುದು ಕಷ್ಟವೇನಲ್ಲ.

ನಮ್ಮದು ಲೀಫ್-ಸ್ಪೈನ್ ನೆಟ್‌ವರ್ಕ್. ಸರ್ವರ್‌ಗಳು ಲೀಫ್ ಸ್ವಿಚ್‌ಗಳಿಗೆ, ಪ್ರತಿ ಲೀಫ್ ಎಲ್ಲ ಸ್ಪೈನ್ ಸ್ವಿಚ್‌ಗಳಿಗೆ ಜೋಡಿಸಿರುತ್ತವೆ; ಈ ಇಡೀ ಜೋಡಣೆಗೆ ಫ್ಯಾಬ್ರಿಕ್ ಅನ್ನುತ್ತಾರೆ. ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋ (Clos) 1953ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಕೊಟ್ಟ ವಿನ್ಯಾಸವೇ ಈಗ ಬಹಳಷ್ಟು ಡೇಟಾ ಸೆಂಟರ್‌ಗಳಲ್ಲಿ ಕೂತಿದೆ. ಕೆಳಗೆ ಬಿಜಿಪಿ (ಸ್ವಿಚ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ರೀತಿ), ಮೇಲೆ ಇವಿಪಿಎನ್ (ಯಾವ ಸರ್ವರ್ ಎಲ್ಲಿದೆ ಅಂತ ಹೇಳುವುದು) ಮತ್ತು ವಿಎಕ್ಸ್‌ಲ್ಯಾನ್ (ಲೀಫ್‌ಗಳ ನಡುವೆ ಟನಲ್‌ನಲ್ಲಿ ಸಾಗಿಸುವುದು). ವಿಲ್ಯಾನ್ ನಂಬರಿಗೆ ಇರುವುದು 12 ಬಿಟ್, ಅಂದರೆ ಬಳಸಲು ಸಿಗುವುದು 4094. ವಿಎಕ್ಸ್‌ಲ್ಯಾನ್‌ನ ನೆಟ್‌ವರ್ಕ್ ನಂಬರಾದ ವಿಎನ್‌ಐಗೆ 24 ಬಿಟ್, ಒಂದೂವರೆ ಕೋಟಿಗೂ ಜಾಸ್ತಿ. ನಂಬರಿಗೇನೋ ಬರವಿಲ್ಲ. ತಲೆನೋವು ಬೇರೆ ಕಡೆ ಇದೆ.

ಒಬ್ಬರು ಬಂದು 'ಒಂದು ಹೊಸ ನೆಟ್‌ವರ್ಕ್ ಬೇಕು' ಅಂತಾರೆ. ಪ್ರತಿ ಲೀಫ್‌ನಲ್ಲೂ ವಿಲ್ಯಾನ್ ಹಾಕಬೇಕು, ಅದನ್ನು ವಿಎನ್‌ಐಗೆ ಜೋಡಿಸಬೇಕು, ರೂಟ್ ಟಾರ್ಗೆಟ್ (ಯಾವ ದಾರಿ ಯಾರು ಒಪ್ಪಬೇಕು ಅನ್ನುವ ಗುರುತು) ಕೊಡಬೇಕು, ವಿಆರ್‌ಎಫ್ (ಪ್ರತ್ಯೇಕ ರೂಟಿಂಗ್ ಪಟ್ಟಿ) ಒಳಗೆ ಇಂಟರ್‌ಫೇಸ್ ಮಾಡಬೇಕು, ಎಲ್ಲ ಲೀಫ್‌ಗಳಲ್ಲೂ ಒಂದೇ ಆಗಿರುವ ಎನಿಕಾಸ್ಟ್ ಗೇಟ್‌ವೇ ಐಪಿ ಬರೆಯಬೇಕು. ಇದರಲ್ಲಿ ಒಂದು ಲೀಫ್‌ನಲ್ಲಿ ವಿಎನ್‌ಐ ಒಂದು ಅಂಕಿ ತಪ್ಪಾಯಿತು ಅಂದುಕೊಳ್ಳಿ. ಸ್ವಿಚ್ ತಕರಾರು ಮಾಡುವುದಿಲ್ಲ, ಅದರ ಪಾಲಿಗೆ ಅದೂ ಸರಿಯಾದ ನಂಬರೇ. ಬಿಜಿಪಿ ಸೆಷನ್ ಮೇಲಿರುತ್ತದೆ. ಟನಲ್ ಮೇಲಿರುತ್ತದೆ. ಮಾನಿಟರಿಂಗ್ ಪೂರ್ತಿ ಹಸಿರು. ಆದರೆ ಆ ಲೀಫ್‌ನಲ್ಲಿರುವ ಸರ್ವರ್‌ಗೆ ಪಕ್ಕದ ಲೀಫ್‌ನ ಸರ್ವರ್ ಕಾಣುವುದಿಲ್ಲ. ಇಂಥದ್ದನ್ನು ಹುಡುಕಲು ಕೂತವರಿಗೆ ಗೊತ್ತು, ಎಷ್ಟು ಹೊತ್ತು ಹೋಗುತ್ತದೆ ಅಂತ. ಕೈಯಲ್ಲಿ ಟೈಪ್ ಮಾಡುವುದನ್ನು ನಿಲ್ಲಿಸಬೇಕು ಅನ್ನುವುದಕ್ಕೆ ವೇಗಕ್ಕಿಂತ ಇದು ದೊಡ್ಡ ಕಾರಣ.

ನೆಟ್‌ಬಾಕ್ಸ್ ನಿಜವಾಗಿ ಗೆಲ್ಲುವುದು ಇಲ್ಲಿಯೇ. ನಂಬರ್‌ಗಳನ್ನು ಮನುಷ್ಯರು ಆರಿಸುವುದೇ ನಿಂತುಹೋಗುತ್ತದೆ. ಒಂದು ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಕೊಟ್ಟು 'ಇದರಲ್ಲಿ ಮುಂದಿನ ಖಾಲಿ /31 ಕೊಡು' ಅಂತ, ಅಂದರೆ ಎರಡು ವಿಳಾಸದ ತುಂಡನ್ನು, ಎಪಿಐಗೆ (ಸ್ಕ್ರಿಪ್ಟ್‌ಗಳು ಮಾತಾಡುವ ಬಾಗಿಲು) ಕೇಳಿದರೆ ಅದೇ ಆರಿಸಿ, ಅದೇ ಬರೆದುಕೊಂಡು, ವಾಪಸ್ ಕೊಡುತ್ತದೆ. ಎರಡು ಸ್ಕ್ರಿಪ್ಟ್ ಒಟ್ಟಿಗೆ ಕೇಳಿದರೂ ಒಂದೇ ವಿಳಾಸ ಇಬ್ಬರಿಗೂ ಸಿಕ್ಕಿದ್ದನ್ನು ನಾನು ನೋಡಿಲ್ಲ. ಎಕ್ಸೆಲ್ ಶೀಟ್‌ನಲ್ಲಿ ಇದು ಕನಸಿನ ಮಾತು. ಬಿಜಿಪಿಯಲ್ಲಿ ಗುರುತಿಗೆ ಬಳಸುವ ಎಎಸ್ ನಂಬರ್‌ಗಳೂ ಹಾಗೆಯೇ. 4200000000ರಿಂದ ಶುರುವಾಗುವ ಖಾಸಗಿ ಶ್ರೇಣಿಯಿಂದ ಪ್ರತಿ ಲೀಫ್‌ಗೆ ಒಂದೊಂದು. ಯಾರಿಗೂ ನೆನಪಿಟ್ಟುಕೊಳ್ಳುವ ಕೆಲಸವಿಲ್ಲ. ಕೇಬಲ್ ಟ್ರೇಸ್ ಕೂಡ ಚೆನ್ನಾಗಿದೆ. ಸರ್ವರ್ ಪೋರ್ಟಿನಿಂದ ಹಿಡಿದು ಪ್ಯಾಚ್ ಪ್ಯಾನೆಲ್ ದಾಟಿ ಸ್ವಿಚ್ ಪೋರ್ಟಿನವರೆಗೆ ಒಂದೇ ಪುಟದಲ್ಲಿ ಗೆರೆ ಎಳೆದು ತೋರಿಸುತ್ತದೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದೂ ಉಳಿಯುತ್ತದೆ. ಸುಮ್ನೆ ಜಗಳ ಕಡಿಮೆಯಾಗುತ್ತದೆ.

ಈಗ ಕಷ್ಟದ ಭಾಗ. ನೆಟ್‌ಬಾಕ್ಸ್‌ನಲ್ಲಿ ಇರಬೇಕಾದದ್ದು ನೆಟ್‌ವರ್ಕ್ ಹೇಗಿರಬೇಕು ಅನ್ನುವುದು, ಈಗ ಹೇಗಿದೆ ಅನ್ನುವುದಲ್ಲ. ಅದರ ಡಾಕ್ಯುಮೆಂಟೇಷನ್‌ನಲ್ಲೇ ಹೀಗೆ ಬರೆದಿದೆ. ಆದರೂ ಹೊಸದಾಗಿ ಸೇರಿದವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಸ್ವಿಚ್‌ಗಳಿಂದ ರಾತ್ರಿ ಎಲ್ಲ ಮಾಹಿತಿ ಎಳೆದು ಇದಕ್ಕೆ ತುಂಬಿಸಿದರೆ ಆಯ್ತಲ್ವಾ?' ಆಗಲ್ಲ. ರಾತ್ರಿ ಯಾರೋ ಕಮಾಂಡ್ ಲೈನ್‌ನಲ್ಲಿ ತಪ್ಪು ವಿಎನ್‌ಐ ಹಾಕಿದರೆ, ಬೆಳಿಗ್ಗೆ ಆ ತಪ್ಪೇ ನೆಟ್‌ಬಾಕ್ಸ್‌ನಲ್ಲಿ ಕೂತಿರುತ್ತದೆ. ಆಮೇಲೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಮೊದಲ ಸಲ ತುಂಬಿಸುವಾಗ ಎಳೆದುಕೊಳ್ಳಿ, ಪರವಾಗಿಲ್ಲ. ಅದಾದ ಮೇಲೆ ವ್ಯತ್ಯಾಸ ತೋರಿಸುವ ವರದಿ ಸಾಕು. ಬದಲಿಸುವುದು ಮನುಷ್ಯರೇ ಆಗಿರಲಿ.

ಆನ್ಸಿಬಲ್ ಕಡೆ ಬರೋಣ. 2012ರಿಂದ ಇದೆ, 2015ರಲ್ಲಿ ರೆಡ್‌ಹ್ಯಾಟ್ ಕೊಂಡುಕೊಂಡಿತು. ಸ್ವಿಚ್‌ನಲ್ಲಿ ಏಜೆಂಟ್ (ಅಲ್ಲೇ ಓಡುವ ಸಹಾಯಕ ಪ್ರೋಗ್ರಾಂ) ಬೇಡ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಇದ್ದರೆ ಸಾಕು. ಯಾಮಲ್ (ಸರಳ ಪಠ್ಯದ ಫೈಲ್ ರೂಪ) ಓದಲು ಬರುವ ಯಾವ ನೆಟ್‌ವರ್ಕ್ ಎಂಜಿನಿಯರ್ ಆದರೂ ಬೇಗ ಕಲಿಯುತ್ತಾರೆ. ನಾವು ಇದನ್ನು ಆರಿಸಿದ್ದೂ ಇದಕ್ಕೇ. ಇಂದಿಗೂ ಆ ಕಾರಣ ಸರಿಯಾಗಿಯೇ ಇದೆ. ಆದರೆ ಇದು ಸರ್ವರ್‌ಗಳಿಗೆ ಹುಟ್ಟಿದ ಉಪಕರಣ, ಅದು ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ. ಸರ್ವರ್ ಆದರೆ ಮಾಡ್ಯೂಲ್ (ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ) ಅಲ್ಲಿಗೇ ಹೋಗಿ ಓಡುತ್ತದೆ. ಸ್ವಿಚ್‌ಗೆ ಮಾತ್ರ ಎಲ್ಲವೂ ಆನ್ಸಿಬಲ್ ಇರುವ ಕಂಟ್ರೋಲ್ ಯಂತ್ರದ ಮೇಲೇ ಓಡಬೇಕು. ಡಿಫಾಲ್ಟ್ ಆಗಿ ಒಂದು ಸಲಕ್ಕೆ 5 ಸಾಧನ ಮಾತ್ರ. ಈ ಮಿತಿಯನ್ನು, ಅಂದರೆ ಫೋರ್ಕ್ಸ್ ಸಂಖ್ಯೆಯನ್ನು, ಏರಿಸಿದರೆ ಮೆಮೊರಿ ಕುಡಿಯುತ್ತದೆ. ದೊಡ್ಡ ಫ್ಯಾಬ್ರಿಕ್ ಮೇಲೆ ಓಡಿಸಿ ಕಾಯುವುದು ಅಭ್ಯಾಸವಾಗಿಬಿಟ್ಟಿದೆ.

ನಿಧಾನವನ್ನು ಸಹಿಸಬಹುದು. ಕಾನ್ಫಿಗ್ (ಸ್ವಿಚ್‌ನ ಸೆಟ್ಟಿಂಗ್) ಸಾಲುಗಳನ್ನು ಹೋಲಿಸುವ ರೀತಿ ಮಾತ್ರ ಹೊಸಬರಿಗೆ ತುಂಬ ಕಾಟ ಕೊಡುತ್ತದೆ. ಹಳೆಯ ಶೈಲಿಯ ಕಾನ್ಫಿಗ್ ಮಾಡ್ಯೂಲ್‌ಗಳು ನೋಡುವುದು ಅಕ್ಷರಗಳನ್ನು, ಅರ್ಥವನ್ನಲ್ಲ. ನೆಟ್‌ಬಾಕ್ಸ್‌ನ ಮಾಹಿತಿ ತುಂಬಿ ಕಾನ್ಫಿಗ್ ತಯಾರಿಸುವ ಟೆಂಪ್ಲೇಟ್‌ನಲ್ಲಿ 'ಇಂಟರ್‌ಫೇಸ್' ಅಂತ ಪೂರ್ತಿ ಬರೆಯುವ ಬದಲು 'ಇಂಟ್' ಅಂತ ಚಿಕ್ಕದಾಗಿ ಬರೆದಿರಿ ಅಂದುಕೊಳ್ಳಿ. ಸ್ವಿಚ್ ಅದನ್ನು ಒಪ್ಪುತ್ತದೆ, ತನ್ನೊಳಗೆ ಪೂರ್ತಿ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಆನ್ಸಿಬಲ್ ಬಂದು ಹೋಲಿಸಿದರೆ ಎರಡೂ ಬೇರೆ. 'ಬದಲಾಗಿದೆ' ಅಂತ ಹಳದಿ ಬಣ್ಣದಲ್ಲಿ ತೋರಿಸಿ ಮತ್ತೆ ಕಳಿಸುತ್ತದೆ. ಪ್ರತಿ ಓಟದಲ್ಲೂ ಹೀಗೆಯೇ. ಎಲ್ಲ ಹಳದಿಯಾದಾಗ ನಿಜವಾದ ಬದಲಾವಣೆ ಯಾವುದು ಅಂತ ಯಾರೂ ನೋಡುವುದಿಲ್ಲ. ಸ್ವಿಚ್ ತೋರಿಸುವ ರೂಪದಲ್ಲೇ, ಸ್ಪೇಸ್ ಸಮೇತ, ಟೆಂಪ್ಲೇಟ್ ಬರೆಯುವುದೊಂದೇ ದಾರಿ.

ಇದಕ್ಕಿಂತ ದೊಡ್ಡದು ಅಳಿಸುವ ಸಮಸ್ಯೆ. ನೆಟ್‌ಬಾಕ್ಸ್‌ನಲ್ಲಿ ಒಂದು ವಿಲ್ಯಾನ್ ತೆಗೆದುಹಾಕುತ್ತೀರಿ. ಟೆಂಪ್ಲೇಟ್ ಇರುವುದನ್ನು ಮಾತ್ರ ಬರೆಯುತ್ತದೆ, ಹಾಗಾಗಿ ಹೊಸ ಕಾನ್ಫಿಗ್‌ನಲ್ಲಿ ಆ ವಿಲ್ಯಾನ್ ಇಲ್ಲ. ಆದರೆ ಸ್ವಿಚ್‌ಗೆ 'ತೆಗೆ' ಅಂತ ಯಾರೂ ಹೇಳಲಿಲ್ಲ. ಅದು ಅಲ್ಲೇ ಉಳಿಯುತ್ತದೆ. ಸೇರಿಸುವುದು ಮಾತ್ರ ಗೊತ್ತಿರುವ ಆಟೊಮೇಷನ್ ಇಟ್ಟುಕೊಂಡರೆ ಫ್ಯಾಬ್ರಿಕ್ ತುಂಬ ಹಳೆಯ ಸಾಮಾನು ರಾಶಿ ಬೀಳುತ್ತದೆ. ಯಾವುದು ಬಳಕೆಯಲ್ಲಿದೆ, ಯಾವುದು ಸತ್ತಿದೆ ಅಂತ ಹೇಳಲು ಆಗುವುದಿಲ್ಲ. ಪರಿಹಾರ ಒಂದೇ. ಪೂರ್ತಿ ಕಾನ್ಫಿಗ್ ತಯಾರಿಸಿ, ಇಡೀ ಫೈಲನ್ನೇ ಬದಲಿಸುವುದು. ವ್ಯತ್ಯಾಸ ಲೆಕ್ಕ ಹಾಕುವುದನ್ನು ಸ್ವಿಚ್‌ಗೇ ಬಿಡಬೇಕು. ಹೀಗೆ ಮಾಡಲು ಧೈರ್ಯ ಬೇಕು, ಯಾಕೆಂದರೆ ಟೆಂಪ್ಲೇಟ್‌ನಲ್ಲಿ ಮರೆತದ್ದೆಲ್ಲ ಸ್ವಿಚ್‌ನಿಂದ ಮಾಯವಾಗುತ್ತದೆ. ಆದರೆ ಒಮ್ಮೆ ಈ ಹಂತಕ್ಕೆ ಬಂದರೆ, ರಾತ್ರಿ ಕೈಯಲ್ಲಿ ಹಾಕಿದ ಸಾಲುಗಳು ಮುಂದಿನ ಓಟದಲ್ಲಿ ತಾವಾಗಿಯೇ ಹೋಗುತ್ತವೆ. ತಂಡದ ಶಿಸ್ತು ಬಂದದ್ದು ಸಭೆಗಳಿಂದಲ್ಲ, ಇದರಿಂದ.

ಹಾಗೆ ಬದಲಿಸುವಾಗ ಕನ್‌ಫರ್ಮ್ಡ್ ಕಮಿಟ್ ಇರುವ ಸಾಧನಗಳನ್ನೇ ಕೊಳ್ಳಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಸಾಧನಗಳಿಗೆ ಕಾನ್ಫಿಗ್ ಕಳಿಸುವ ನೆಟ್‌ಕಾನ್ಫ್ ಪ್ರೋಟೋಕಾಲ್‌ನ ನಿಯಮದಲ್ಲಿ ಇದಕ್ಕೆ ಡಿಫಾಲ್ಟ್ 600 ಸೆಕೆಂಡ್. ಅಷ್ಟರಲ್ಲಿ ನೀವು 'ಸರಿ' ಅಂತ ಮತ್ತೊಮ್ಮೆ ಹೇಳದಿದ್ದರೆ ಸ್ವಿಚ್ ಹಳೆಯ ಕಾನ್ಫಿಗ್‌ಗೆ ತಾನೇ ಮರಳುತ್ತದೆ. ನಿಮ್ಮ ಸಂಪರ್ಕವನ್ನೇ ಕಡಿದುಕೊಂಡಿದ್ದರೂ ಹತ್ತು ನಿಮಿಷದಲ್ಲಿ ವಾಪಸ್. ಆಟೊಮೇಷನ್ ತಪ್ಪನ್ನೂ ಅಷ್ಟೇ ವೇಗವಾಗಿ ಹರಡುತ್ತದೆ ಅಲ್ವಾ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾದದ್ದು ನೆನಪಿರಬಹುದು. ಬ್ಯಾಕ್‌ಬೋನ್ ಸಾಮರ್ಥ್ಯ ನೋಡಲು ಕೊಟ್ಟ ಒಂದು ಕಮಾಂಡ್ ಎಲ್ಲ ಸಂಪರ್ಕಗಳನ್ನೂ ಬೀಳಿಸಿತು. ಅದನ್ನು ತಡೆಯಬೇಕಿದ್ದ ಪರಿಶೀಲನಾ ಉಪಕರಣದಲ್ಲೇ ಬಗ್ ಇತ್ತು ಎಂದು ಕಂಪನಿಯೇ ಹೇಳಿತು. ಅದಕ್ಕೇ ನಾವು ಬದಲಾವಣೆಗಳನ್ನು ಮೊದಲು ಕಂಟೇನರ್‌ಲ್ಯಾಬ್ ಎಂಬ, ನಕಲಿ ನೆಟ್‌ವರ್ಕ್ ಕಟ್ಟುವ ಉಪಕರಣದಲ್ಲಿ ಓಡಿಸಿ ನೋಡುತ್ತೇವೆ. ಅದಾದ ಮೇಲೆ ಒಂದು ಲೀಫ್, ಆಮೇಲೆ ಒಂದು ಜೋಡಿ, ಆಮೇಲೆ ಉಳಿದವು. ಸ್ವಿಚ್‌ಗೆ ನೇರವಾಗಿ ಹೋಗುವ ಕನ್ಸೋಲ್‌ಗೆ ಬೇರೆಯದೇ ದಾರಿ ಇದೆ, ಅದು ಈ ಫ್ಯಾಬ್ರಿಕ್ ಮೇಲೆ ಹೋಗುವುದಿಲ್ಲ.

ನೆಟ್‌ಬಾಕ್ಸ್‌ನ ನಿಜವಾದ ಬೆಲೆ ಅಪ್‌ಗ್ರೇಡ್‌ನಲ್ಲಿದೆ. ಉಚಿತ ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 3.0ರಲ್ಲಿ ಪಾಸ್‌ವರ್ಡ್ ಇಡುವ ಸೀಕ್ರೆಟ್ಸ್ ಭಾಗವನ್ನೇ ತೆಗೆದರು. ನನ್ನ ಪ್ರಕಾರ ಒಳ್ಳೆಯದೇ ಆಯಿತು, ಅದು ಅಲ್ಲಿ ಇರಬೇಕಾದ್ದೇ ಅಲ್ಲ. 3.6ರಲ್ಲಿ 'ಡಿವೈಸ್ ರೋಲ್' ಫೀಲ್ಡ್ ಬರೀ 'ರೋಲ್' ಆಯಿತು, 4.0ರಲ್ಲಿ ಹಳೆಯ ಹೆಸರು ಪೂರ್ತಿ ಹೋಯಿತು. ಚಿಕ್ಕ ಬದಲಾವಣೆ. ಆದರೆ ಆ ಫೀಲ್ಡ್ ನೋಡಿ ಲೀಫೋ ಸ್ಪೈನೋ ಅಂತ ನಿರ್ಧರಿಸುವ ಪ್ರತಿ ಟೆಂಪ್ಲೇಟನ್ನೂ ಹುಡುಕಿ ತಿದ್ದಬೇಕು. 4.2ರಲ್ಲಿ ಪ್ರಿಫಿಕ್ಸ್‌ನ 'ಸೈಟ್' ಹೋಗಿ 'ಸ್ಕೋಪ್' ಬಂತು, ಮ್ಯಾಕ್ ವಿಳಾಸ ಬೇರೆಯದೇ ಆಬ್ಜೆಕ್ಟ್ ಆಯಿತು. ವಿನ್ಯಾಸವಾಗಿ ಎಲ್ಲವೂ ಸರಿ. ಪ್ಲಗಿನ್‌ಗಳು ಮಾತ್ರ ಹಿಂದೆ ಬೀಳುತ್ತವೆ. ಒಂದು ಪ್ಲಗಿನ್ ಬರೆದವರು ಆಸಕ್ತಿ ಕಳೆದುಕೊಂಡರೆ ನಿಮ್ಮ ಅಪ್‌ಗ್ರೇಡ್ ಅಲ್ಲಿಗೇ ನಿಂತಿತು. ಪ್ಲಗಿನ್ ಜಾಸ್ತಿ ಹಾಕಿಕೊಳ್ಳಬೇಡಿ.

ಎಪಿಐ ಬಗ್ಗೆ ಒಂದು ಎಚ್ಚರಿಕೆ. ಒಂದು ಸಲಕ್ಕೆ ಡಿಫಾಲ್ಟ್ ಆಗಿ 50 ದಾಖಲೆ ಮಾತ್ರ ಕೊಡುತ್ತದೆ. ಉಳಿದದ್ದಕ್ಕೆ ಮುಂದಿನ ಪುಟದ ಕೊಂಡಿ ಇರುತ್ತದೆ. ನೇರವಾಗಿ ಎಪಿಐ ಕರೆಯುವ ಸ್ಕ್ರಿಪ್ಟ್ ಆ ಕೊಂಡಿ ಹಿಡಿಯದಿದ್ದರೆ ಎರರ್ ಏನೂ ಬರುವುದಿಲ್ಲ. ಮೊದಲ 50 ಸಾಧನಗಳ ಮೇಲೆ ಓಡಿ 'ಯಶಸ್ವಿ' ಅನ್ನುತ್ತದೆ. ಪೈನೆಟ್‌ಬಾಕ್ಸ್ ಲೈಬ್ರರಿ ಇದನ್ನು ತಾನೇ ನೋಡಿಕೊಳ್ಳುತ್ತದೆ, ಅದನ್ನೇ ಬಳಸಿ. ಬೇಕಾದ ಫೀಲ್ಡ್ ಮಾತ್ರ ಸಾಕು ಅಂದರೆ ಗ್ರಾಫ್‌ಕ್ಯೂಎಲ್ ವೇಗವಾಗಿದೆ.

ಬೇರೆ ಆಯ್ಕೆಗಳಿಲ್ಲವೇ? ಇವೆ. 2021ರಲ್ಲಿ ನೆಟ್‌ಬಾಕ್ಸ್‌ನಿಂದಲೇ ಕವಲೊಡೆದ ನಾಟೊಬಾಟ್ ಇದೆ, ಕೆಲಸಗಳನ್ನು ಓಡಿಸುವ ವ್ಯವಸ್ಥೆ ಅದರೊಳಗೇ ಹೆಚ್ಚು ಗಟ್ಟಿ. ಆನ್ಸಿಬಲ್ ಜಾಗಕ್ಕೆ ನಾರ್ನಿರ್ ಇದೆ, ಪೂರ್ತಿ ಪೈಥಾನ್, ತುಂಬ ವೇಗ. ವರದಿ, ಪರಿಶೀಲನೆ ಎಲ್ಲ ನಾವು ಅದಕ್ಕೇ ವರ್ಗಾಯಿಸಿದ್ದೇವೆ. ಕಾನ್ಫಿಗ್ ಕಳಿಸುವುದು ಇನ್ನೂ ಆನ್ಸಿಬಲ್, ಯಾಕೆಂದರೆ ತಂಡದಲ್ಲಿ ಎಲ್ಲರಿಗೂ ಪೈಥಾನ್ ಬರುವುದಿಲ್ಲ. ಸ್ವಿಚ್ ಕಂಪನಿಗಳ ಸ್ವಂತ ಕಂಟ್ರೋಲರ್‌ಗಳೂ ಇವೆ. ಒಂದನ್ನು ಬಳಸಿ ನೋಡಿದೆವು. ಮೊದಲ ದಿನದ ಕೆಲಸಗಳೆಲ್ಲ ಸೊಗಸಾಗಿ ಆದವು. ಆದರೆ ಬೇರೆ ಕಂಪನಿಯ ಒಂದು ಸ್ವಿಚ್ ತಂದ ತಕ್ಷಣ ಅದಕ್ಕೆ ಕಣ್ಣೇ ಕಾಣಲಿಲ್ಲ. ಒಂದೇ ಕಂಪನಿಯ ಸಾಧನಗಳಲ್ಲೇ ಇರುತ್ತೇವೆ ಅನ್ನುವವರು ಧಾರಾಳವಾಗಿ ಅದನ್ನೇ ತೆಗೆದುಕೊಳ್ಳಬಹುದು. ಇಷ್ಟೆಲ್ಲ ಕಟ್ಟುವ ಶ್ರಮ ಉಳಿಯುತ್ತದೆ.

ಅಂಕ ಕೇಳಿದರೆ ನೆಟ್‌ಬಾಕ್ಸ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಡಿಮೆಯಾದದ್ದು ಅಪ್‌ಗ್ರೇಡ್‌ಗೆ. ಆನ್ಸಿಬಲ್‌ಗೆ ಮೂರೂವರೆ. ಕೈಯೆಣಿಕೆಯಷ್ಟು ಸ್ವಿಚ್ ಇರುವವರಿಗೆ ಎರಡೂ ಬೇಡ, ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆ ದಾಖಲಿಸುವ ಉಪಕರಣ) ನಾಲ್ಕು ಯಾಮಲ್ ಫೈಲ್ ಸಾಕು. ಅದಕ್ಕಿಂತ ದೊಡ್ಡದಿದ್ದರೆ ಐಪಿ ಮತ್ತು ವಿಲ್ಯಾನ್‌ನಿಂದ ಶುರು ಮಾಡಿ. ಅದಾದ ಮೇಲೆ ಲೀಫ್-ಸ್ಪೈನ್ ನಡುವಿನ ಕೇಬಲ್‌ಗಳು, ಅವು ಪಕ್ಕದ ಸಾಧನ ಯಾವುದೆಂದು ಹೇಳುವ ಎಲ್‌ಎಲ್‌ಡಿಪಿಯಿಂದ ಸುಲಭವಾಗಿ ಪರೀಕ್ಷಿಸಲು ಸಿಗುತ್ತವೆ. ಪವರ್ ಕೇಬಲ್, ಖಾಲಿ ಜಾಗ ಮುಚ್ಚುವ ಬ್ಲ್ಯಾಂಕಿಂಗ್ ಪ್ಯಾನೆಲ್ ಎಲ್ಲ ಮೊದಲೇ ತುಂಬಿಸಲು ಹೋಗಬೇಡಿ. ಯಾವ ಸ್ಕ್ರಿಪ್ಟೂ ಓದದ ಫೀಲ್ಡನ್ನು ಯಾರೂ ಸರಿಯಾಗಿ ಇಟ್ಟುಕೊಳ್ಳುವುದಿಲ್ಲ.