‘ಒಂದೇ ದಿನದಲ್ಲಿ ನಿಮ್ಮ ಸಹಜ ಬಣ್ಣ’ ಎಂಬ ಮಾತನ್ನು ನಂಬಿ ನಾನು ಮೋಸಹೋದೆ

ಹದಿನೆಂಟು ವರ್ಷ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡವಳು ನಾನು. ಅದನ್ನು ಬಿಟ್ಟು ನನ್ನದೇ ನರೆಗೂದಲಿಗೆ ಮರಳಬೇಕೆಂದು ಹೊರಟು, ಮೈಸೂರಿನ ಒಂದು ಸಲೂನ್‌ಗೆ 16,000 ರೂಪಾಯಿ ತೆತ್ತು, ಅದಾಗಲೇ ಬೆಳೆದಿದ್ದ ನನ್ನ ಸ್ವಂತ ಕೂದಲನ್ನೂ ಕೆಡಿಸಿಕೊಂಡು ಬಂದಿದ್ದೇನೆ. ಐವತ್ತಾರರ ವಯಸ್ಸಿನಲ್ಲಿ, ಅದೂ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು, ಹೀಗಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆ ಅಂಗಡಿಯ ಗಾಜಿನ ಮೇಲೆ ಅದೇ ಜಾಹೀರಾತು ಇಂದಿಗೂ ಇರುವುದರಿಂದ ಬರೆಯಲೇಬೇಕಾಗಿದೆ.

ಬಣ್ಣ ಬಿಡಲು ಕಾರಣ ತುರಿಕೆ. ಹಚ್ಚಿದ ಮರುದಿನವೇ ಕಿವಿಯ ಹಿಂದೆ ಮತ್ತು ಹಣೆಯ ಅಂಚಿನಲ್ಲಿ ಕೆಂಪಗೆ ಏಳಲಾರಂಭಿಸಿತ್ತು. ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ನನಗೆ ಒಗ್ಗುತ್ತಿಲ್ಲವೆಂದೂ, ಇನ್ನು ಯಾವ ಬಣ್ಣವೂ ಬೇಡವೆಂದೂ, ಕೂದಲು ಬೆಳೆಯಲು ಬಿಡಬೇಕೆಂದೂ ಚರ್ಮದ ವೈದ್ಯರು ಹೇಳಿದರು. ಬಿಟ್ಟೆ. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ನಾಲ್ಕು ತಿಂಗಳಲ್ಲಿ ಬುಡದಲ್ಲಿ ಮೂರು ಬೆರಳಗಲ ನನ್ನ ಕೂದಲು ಕಾಣಿಸಿಕೊಂಡಿತು. ಹಣೆಯ ಇಕ್ಕೆಲಗಳಲ್ಲಿ ಪೂರ್ತಿ ಬಿಳಿ, ನೆತ್ತಿಯಲ್ಲಿ ಬೆರಕೆ, ಕುತ್ತಿಗೆಯ ಹಿಂದೆ ಮಾತ್ರ ಇನ್ನೂ ಕಪ್ಪು. ಇಷ್ಟು ವರ್ಷ ಕಪ್ಪು ಕೂದಲಿಗೇ ಕಪ್ಪು ಹಚ್ಚುತ್ತಿದ್ದೆನಲ್ಲ ಎಂದು ನಗು ಬಂದಿತ್ತು.

ಆದರೆ ಎರಡು ಬಣ್ಣದ ತಲೆ ಹೊತ್ತು ತಿರುಗುವುದು ಸುಲಭವಲ್ಲ. ಒಂದು ಗೃಹಪ್ರವೇಶದಲ್ಲಿ ಇಬ್ಬರು ನನ್ನನ್ನು “ಹುಷಾರಿಲ್ವೇನಮ್ಮ?” ಎಂದು ವಿಚಾರಿಸಿದರು. ಅಣ್ಣನ ಮಗಳ ಮದುವೆ ಹತ್ತಿರದಲ್ಲಿತ್ತು. ಆ ಆತುರದಲ್ಲೇ ಸಲೂನ್‌ನ ಮೆಟ್ಟಿಲು ಹತ್ತಿದೆ.

ಅಲ್ಲಿನ ಹುಡುಗ ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸಿ, “ಬೆಳೆಯೋವರೆಗೂ ಯಾಕೆ ಕಾಯ್ತೀರಾ ಮೇಡಂ? ಹಳೇ ಬಣ್ಣ ತೆಗೆದುಬಿಟ್ರೆ ಒಳಗಿರೋ ನಿಮ್ಮ ಒರಿಜಿನಲ್ ಕಲರ್ ತಾನೇ ಹೊರಗೆ ಬರುತ್ತೆ” ಎಂದ. ಗೋಡೆಗೆ ಬಳಿದ ಸುಣ್ಣ ಕೆರೆದರೆ ಹಳೆಯ ಗೋಡೆ ಸಿಗುವಂತೆ ಹೇಳಿದ, ನಾನೂ ನಂಬಿದೆ. ಅದು ಶುದ್ಧ ಸುಳ್ಳು ಎಂದು ಈಗ ತಿಳಿದಿದೆ. ಪರ್ಮನೆಂಟ್ ಬಣ್ಣ ಕೂದಲಿನ ಮೇಲೆ ಕೂರುವುದಿಲ್ಲ, ಒಳಗಿಳಿದು ಅಲ್ಲೇ ದೊಡ್ಡದಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಕೀಳಲು ಬ್ಲೀಚ್ ಹಾಕಿದರೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಬರುತ್ತದೆಯೇ ಹೊರತು ‘ಒರಿಜಿನಲ್’ ಎಂಬುದು ಬರುವುದೇ ಇಲ್ಲ. ಹಳದಿಯನ್ನು ಮರೆಸಲು ಮೇಲೆ ಟೋನರ್ ಎಂಬ ಇನ್ನೊಂದು ತೆಳು ಬಣ್ಣ ಹಾಕುತ್ತಾರೆ. ಬಣ್ಣ ಕೂಡದೆಂದು ವೈದ್ಯರು ಹೇಳಿದ್ದಾರೆ ಎಂದು ನಾನು ಒಂದಲ್ಲ, ಎರಡು ಸಲ ಹೇಳಿದೆ. “ಟೋನರ್ ಬಣ್ಣ ಅಲ್ಲ ಮೇಡಂ” ಎಂದ. ಚರ್ಮಕ್ಕೆ ತುಸು ಹಚ್ಚಿ ಅಲರ್ಜಿ ಇದೆಯೇ ಎಂದು ನೋಡುವ ಪ್ಯಾಚ್ ಟೆಸ್ಟ್ ಮಾಡಲಿಲ್ಲ, ಹಿಂದೆ ಏನೇನು ಹಚ್ಚಿದ್ದೆ ಎಂದು ಕೇಳಲೂ ಇಲ್ಲ.

ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರವರೆಗೆ ಕುಳಿತಿದ್ದೆ. ಆತ ಬ್ಲೀಚ್ ಲೇಪವನ್ನು ಕುತ್ತಿಗೆಯ ಹಿಂದಿನಿಂದ, ನೇರವಾಗಿ ಬುಡದಿಂದಲೇ ಹಚ್ಚಲು ಆರಂಭಿಸಿದಾಗ ನಾನು ಬೆಚ್ಚಿಬಿದ್ದೆ. ಬುಡದಲ್ಲಿರುವುದು ಬಣ್ಣ ತಾಗದ ನನ್ನದೇ ಕೂದಲು, ಅದಕ್ಕೇಕೆ ಹಚ್ಚುತ್ತೀರಿ ಎಂದು ಕೇಳಿದೆ. “ಈವನ್ ಆಗಿ ಬರ್ಬೇಕಲ್ಲ ಮೇಡಂ, ಇಲ್ಲಾಂದ್ರೆ ಪಟ್ಟೆ ಪಟ್ಟೆ ಕಾಣುತ್ತೆ” ಎಂದ. ಆಗ ಎದ್ದು ಬರಬೇಕಿತ್ತು. ಕೊರಳಿಗೆ ಕಪ್ಪು ಬಟ್ಟೆ ಸುತ್ತಿದ್ದರು, ಹಿಂದಲೆಗೆ ಆಗಲೇ ಲೇಪ ಬಿದ್ದಿತ್ತು, ಮುಂಗಡ ಹಣ ಕೊಟ್ಟಾಗಿತ್ತು, ಪಕ್ಕದ ಕುರ್ಚಿಯವರು ನೋಡುತ್ತಿದ್ದರು, ನಾನು ಸುಮ್ಮನಾದೆ. ನಾಲ್ಕು ತಿಂಗಳು ಕಾದು ಬೆಳೆಸಿದ ಕೂದಲನ್ನು, ನಾನು ಯಾವುದನ್ನು ಬಯಸಿ ಹೋಗಿದ್ದೆನೋ ಅದನ್ನೇ, ನನ್ನ ಕಣ್ಣೆದುರಿಗೆ ಸುಟ್ಟರು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಟೋನರ್ ಹಾಕಿ ಒಣಗಿಸಿದಾಗ ಅಲ್ಲಿನ ದೀಪದ ಬೆಳಕಿನಲ್ಲಿ ತಲೆ ಬೆಳ್ಳಿಯಂತೆ ಹೊಳೆಯಿತು. ನಾನು ಹಿಗ್ಗಿ ಆ ಹುಡುಗನಿಗೆ ಇನ್ನೂರು ರೂಪಾಯಿ ಭಕ್ಷೀಸು ಬೇರೆ ಕೊಟ್ಟೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ.

ಮೂರನೆಯ ದಿನ ತುರಿಕೆ ಮರಳಿತು. ಏಳೆಂಟು ಬಾರಿ ತಲೆಗೆ ಎರೆದುಕೊಳ್ಳುವಷ್ಟರಲ್ಲಿ ಬೆಳ್ಳಿ ಇಳಿದು ಹಳದಿ ಎದ್ದಿತು. ಒದ್ದೆ ಕೂದಲನ್ನು ಬಾಚಿದರೆ ಅದು ರಬ್ಬರಿನಂತೆ ಹಿಗ್ಗಿ ತುಂಡಾಗುತ್ತಿತ್ತು. ಮದುವೆ ಮನೆಯಲ್ಲಿ ನಮ್ಮ ಭಾವನವರು, “ಅರಿಶಿನ ಹಚ್ಚಿದ್ದು ಮದುಮಗಳಿಗೋ, ಸೋದರತ್ತೆಯ ತಲೆಗೋ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಸಲೂನ್‌ನವರ ಉತ್ತರಗಳನ್ನು ಕೇಳಿ. ಮೊದಲ ಬಾರಿ ದೂರಲು ಹೋದಾಗ ಮ್ಯಾನೇಜರ್, “ಟೋನರ್ ಹೋಗೇ ಹೋಗುತ್ತೆ ಮೇಡಂ, ಆರು ವಾರಕ್ಕೊಮ್ಮೆ ಬರ್ಬೇಕು” ಎಂದರು. ಪ್ರತಿ ಬಾರಿಗೆ 3,500 ರೂಪಾಯಿಯಂತೆ. ಬಣ್ಣ ಬಿಡಲು ಬಂದವಳಿಗೆ ಇನ್ನೊಂದು ಬಣ್ಣವನ್ನು ಅಂಟಿಸಿದ್ದೀರಲ್ಲ ಎಂದರೆ, “ಅದು ಬಣ್ಣ ಅಲ್ಲ, ಟೋನರ್” ಎಂಬ ಅದೇ ಪಾಠ. ಎರಡನೆಯ ಬಾರಿ, “ನಿಮ್ಮನೇದು ಬೋರ್‌ವೆಲ್ ನೀರಾ?” ಎಂದು ಕೇಳಿದರು. ನಮ್ಮ ಮನೆಗೆ ಬರುವುದು ಕಾವೇರಿ ನೀರು ಎಂದೆ. ಹಾಗಾದರೆ ಶಾಂಪೂ ಸರಿಯಿಲ್ಲ ಎಂದರು. ಟೋನರ್ ಟ್ಯೂಬಿನ ಮೇಲಿನ ಹೆಸರುಗಳನ್ನು ಫೋಟೋ ತೆಗೆದು ವೈದ್ಯರಿಗೆ ತೋರಿಸಿದ್ದೆ. ಅದರಲ್ಲಿದ್ದ ಟಾಲ್ಯೂಯೀನ್-2,5-ಡೈಅಮೀನ್ ಎಂಬ ರಾಸಾಯನಿಕ ಪಿಪಿಡಿಯ ಹತ್ತಿರದ ನಂಟು, ಒಂದು ಒಗ್ಗದವರಿಗೆ ಇನ್ನೊಂದೂ ಒಗ್ಗದಿರಬಹುದು ಎಂದು ಅವರು ಹೇಳಿದ್ದರು. ಅದನ್ನು ಹೇಳಿದಾಗ ಮ್ಯಾನೇಜರ್ ನನ್ನ ಸಹಿ ಇದ್ದ ಒಂದು ಹಾಳೆಯನ್ನು ಹೊರತೆಗೆದರು. ಫಲಿತಾಂಶಕ್ಕೂ ಅಲರ್ಜಿಗೂ ಸಲೂನ್ ಹೊಣೆಯಲ್ಲ ಎಂದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು. ತಲೆ ತೊಳೆಯುವ ಮುನ್ನ ಕನ್ನಡಕ ತೆಗೆಸಿ, “ಎಂಟ್ರಿಗೆ ಒಂದು ಸೈನ್ ಮೇಡಂ” ಎಂದು ಹಾಕಿಸಿಕೊಂಡ ಸಹಿ ಅದು. ಮಕ್ಕಳಿಗೆ ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಎಷ್ಟು ಸಲ ಹೇಳಿದ್ದೆನೋ!

ನನ್ನಂತೆ ಯೋಚಿಸುತ್ತಿರುವವರಿಗೆ ಹೇಳುವುದಿಷ್ಟು. ನಿಮ್ಮ ಸಹಜ ಬಣ್ಣ ಬುಡದಿಂದ ಬೆಳೆದು ಬರುವುದೇ ಹೊರತು ಯಾವ ಸಲೂನ್‌ನಲ್ಲೂ ಸಿಗುವುದಿಲ್ಲ. ತುದಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಕಾಯಿರಿ. ಉದ್ದ ಕೂದಲಿಗೆ ಎರಡು ಮೂರು ವರ್ಷ ಬೇಕು, ಬೇಕಾದರೆ ಬೇಕು. ಹೋಗಲೇಬೇಕೆಂದರೆ 48 ಗಂಟೆ ಮೊದಲೇ ಪ್ಯಾಚ್ ಟೆಸ್ಟ್ ಮಾಡಿಸಿ, ಒಂದೇ ಎಳೆಯ ಮೇಲೆ ಬ್ಲೀಚ್ ಪ್ರಯೋಗಿಸಿ ತೋರಿಸಲು ಹೇಳಿ. ‘ಕಪ್ಪು ಮೆಹೆಂದಿ’ ಪೊಟ್ಟಣ ಬಳಸಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಕೆಲವದರಲ್ಲಿ ಲೋಹದ ಲವಣಗಳಿದ್ದು ಬ್ಲೀಚಿನಲ್ಲಿರುವ ಪೆರಾಕ್ಸೈಡ್ ತಾಗಿದರೆ ಬಿಸಿಯೇರುತ್ತವೆ. ಬುಡದ ಹೊಸ ಕೂದಲನ್ನು ಯಾರಿಗೂ ಮುಟ್ಟಗೊಡಬೇಡಿ. ಕನ್ನಡಕವನ್ನಂತೂ ತೆಗೆಯಲೇಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ತುಂಡಾದ ಕೂದಲನ್ನು ಕಳೆದ ವಾರ ಕತ್ತಿನವರೆಗೆ ಕತ್ತರಿಸಿಕೊಂಡೆ. ನಿನ್ನೆ ಸಲೂನ್‌ನಿಂದ ಸಂದೇಶ ಬಂದಿದೆ, ಮುಂದಿನ ಟೋನರ್‌ಗೆ ಶೇಕಡಾ 20 ರಿಯಾಯಿತಿಯಂತೆ. ನನಗೆ ರಿಯಾಯಿತಿ ಬೇಡ, ನನ್ನ 16,000 ರೂಪಾಯಿ ಬೇಕು ಎಂದು ಉತ್ತರಿಸಿದ್ದೇನೆ.